ಮೌಲ್ಯ ಪರದೆಗೆ ಬಾರದಿದ್ದಾಗ: ಡೇಟಾ ಬೈಂಡಿಂಗ್ ದೋಷಗಳನ್ನು ಹುಡುಕುವ ಕ್ರಮ

ಪ್ರೋಗ್ರಾಂನ ವಸ್ತುವಿನಲ್ಲಿರುವ ಮೌಲ್ಯವನ್ನು ಪರದೆಯ ಕಂಟ್ರೋಲ್‌ಗೆ (ಟೆಕ್ಸ್ಟ್‌ಬಾಕ್ಸ್, ಗುಂಡಿ ಮುಂತಾದವು) ಜೋಡಿಸುವ ಡೇಟಾ ಬೈಂಡಿಂಗ್ ಕೆಟ್ಟಾಗ ಸದ್ದು ಮಾಡುವುದಿಲ್ಲ. ಪ್ರೋಗ್ರಾಂ ಕಂಪೈಲ್ ಆಗುತ್ತದೆ, ವಿಂಡೋ ತೆರೆಯುತ್ತದೆ, ಎಕ್ಸೆಪ್ಶನ್ ಯಾವುದೂ ಬರುವುದಿಲ್ಲ. ಆದರೆ ಹೆಸರು ಕಾಣಬೇಕಾದ ಟೆಕ್ಸ್ಟ್‌ಬಾಕ್ಸ್ ಖಾಲಿಯಾಗಿರುತ್ತದೆ. ಇಂಥ ಸಂದರ್ಭದಲ್ಲಿ ಹಲವರು ಬೈಂಡಿಂಗ್‌ನ ಮೋಡ್ ಅನ್ನು ಟೂವೇ (ಮೌಲ್ಯ ಎರಡೂ ದಿಕ್ಕಿಗೆ ಹರಿಯುವುದು) ಎಂದು ಬದಲಿಸಿ ನೋಡುತ್ತಾರೆ, ಪರದೆಯ ಮೌಲ್ಯ ಮೂಲಕ್ಕೆ ಯಾವಾಗ ಹೋಗಬೇಕೆಂದು ಹೇಳುವ ಅಪ್‌ಡೇಟ್‌ಸೋರ್ಸ್‌ಟ್ರಿಗರ್ ಸೇರಿಸುತ್ತಾರೆ, ಅದೂ ಫಲಿಸದಿದ್ದರೆ ಕೋಡ್‌ಬಿಹೈಂಡ್‌ನಲ್ಲಿ (ವಿಂಡೋದ ಹಿಂದಿನ ಕೋಡ್ ಫೈಲ್) ನೇರವಾಗಿ ಮೌಲ್ಯವನ್ನು ತುಂಬಿಬಿಡುತ್ತಾರೆ. ಕೊನೆಯ ಉಪಾಯವಂತೂ ಹೊಸದೊಂದು ದೋಷಕ್ಕೆ ದಾರಿ ಮಾಡುತ್ತದೆ; ಅದಕ್ಕೆ ಕಾರಣವನ್ನು ಮುಂದೆ ನೋಡೋಣ. ಊಹೆಯಿಂದ ಕೋಡ್ ಬದಲಿಸುವ ಮೊದಲು ನಾಲ್ಕು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಬೇಕು: ಮೂಲ ವಸ್ತು ಯಾವುದು, ಅದರಲ್ಲಿ ಆ ಹೆಸರಿನ ಪ್ರಾಪರ್ಟಿ ಇದೆಯೇ, ಮೌಲ್ಯ ಬದಲಾದ ಸುದ್ದಿ ಹೊರಗೆ ಬರುತ್ತಿದೆಯೇ, ಬಂದ ಮೌಲ್ಯವನ್ನು ಕಂಟ್ರೋಲ್ ಸ್ವೀಕರಿಸುತ್ತಿದೆಯೇ. ಇಲ್ಲಿನ ವಿವರಗಳು ಹೆಚ್ಚಾಗಿ ವಿಂಡೋಸ್ ಅಪ್ಲಿಕೇಶನ್‌ಗಳ ಪರದೆ ಕಟ್ಟುವ ಡಬ್ಲ್ಯುಪಿಎಫ್‌ಗೆ ಸಂಬಂಧಿಸಿದವು. ಅದೇ ಕೆಲಸದ ಹಳೆಯ ಚೌಕಟ್ಟಾದ ವಿನ್‌ಫಾರ್ಮ್ಸ್‌ಗೆ ವಿಶಿಷ್ಟವಾದ ಕೆಲವು ಸಂಗತಿಗಳು ಕೊನೆಯ ಭಾಗದಲ್ಲಿವೆ.

ಮೊದಲು ಔಟ್‌ಪುಟ್ ವಿಂಡೋ

ಬೈಂಡಿಂಗ್ ವಿಫಲವಾದಾಗ ಡಬ್ಲ್ಯುಪಿಎಫ್ ಅದನ್ನು ಎಕ್ಸೆಪ್ಶನ್ ಆಗಿ ಎಸೆಯುವುದಿಲ್ಲ, ಡಿಬಗರ್‌ನ ಔಟ್‌ಪುಟ್ ವಿಂಡೋದಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಆದ್ದರಿಂದ ಅಪ್ಲಿಕೇಶನ್ ಅನ್ನು ಡಿಬಗರ್ ಸಹಿತವಾಗಿಯೇ ಓಡಿಸಬೇಕು. ಡಿಬಗರ್ ಇಲ್ಲದೆ ಓಡಿಸಿದರೆ ಆ ಸಾಲು ಕಾಣಸಿಗುವುದಿಲ್ಲ. ಅಲ್ಲಿ ಅತಿ ಹೆಚ್ಚು ಕಾಣಿಸುವುದು 40ನೇ ಸಂಖ್ಯೆಯ ದೋಷ. ಅದರ ಒಕ್ಕಣೆಯ ತಿರುಳು ಹೀಗಿರುತ್ತದೆ: ‘ಬೈಂಡಿಂಗ್‌ಎಕ್ಸ್‌ಪ್ರೆಶನ್ ಪಾತ್ ಎರರ್: ಕಸ್ಟಮರ್‌ನೇಮ್ ಪ್ರಾಪರ್ಟಿ ನಾಟ್ ಫೌಂಡ್ ಆನ್ ಆಬ್ಜೆಕ್ಟ್ ಆರ್ಡರ್‌ವ್ಯೂಮಾಡೆಲ್.’ ಈ ಸಾಲನ್ನು ಅವಸರದಲ್ಲಿ ಓದುವವರು ಪ್ರಾಪರ್ಟಿಯ ಹೆಸರನ್ನಷ್ಟೇ ನೋಡಿ, ಕಾಗುಣಿತ ಸರಿಯಾಗಿಯೇ ಇದೆಯಲ್ಲ ಎಂದು ಗೊಂದಲಕ್ಕೆ ಬೀಳುತ್ತಾರೆ. ನಿಜವಾಗಿ ಗಮನಿಸಬೇಕಾದದ್ದು ಕೊನೆಯ ಪದವನ್ನು. ನೀವು ಕಸ್ಟಮರ್ ವಸ್ತುವಿನಲ್ಲಿ ಹುಡುಕಿಸುತ್ತಿದ್ದೀರೆಂದು ಭಾವಿಸಿದ್ದೀರಿ, ಬೈಂಡಿಂಗ್ ಆರ್ಡರ್‌ವ್ಯೂಮಾಡೆಲ್‌ನಲ್ಲಿ (ವ್ಯೂಮಾಡೆಲ್ ಎಂದರೆ ಪರದೆಗೆ ಬೇಕಾದ ಮೌಲ್ಯಗಳನ್ನು ಹೊತ್ತ ವಸ್ತು) ಹುಡುಕುತ್ತಿದೆ; ಅಂದರೆ ತಪ್ಪಿರುವುದು ಹೆಸರಲ್ಲ, ಬೈಂಡಿಂಗ್ ಹುಡುಕುವ ಮೂಲ ವಸ್ತುವಾದ ಡೇಟಾಕಾಂಟೆಕ್ಸ್ಟ್. ಹುಡುಕಿದ ವಸ್ತುವೂ ಸರಿಯಾಗಿದ್ದು ದೋಷ ಬಂದರೆ, ಆ ಸದಸ್ಯವು ಪಬ್ಲಿಕ್ ಪ್ರಾಪರ್ಟಿಯೇ ಎಂದು ಪರೀಕ್ಷಿಸಿ. ಗೆಟ್, ಸೆಟ್ ಇಲ್ಲದ ಬರಿಯ ಫೀಲ್ಡ್‌ಗೆ, ಅದು ಪಬ್ಲಿಕ್ ಆಗಿದ್ದರೂ ಬೈಂಡ್ ಮಾಡಲು ಬರುವುದಿಲ್ಲ.

ಪರದೆ ಖಾಲಿ, ಔಟ್‌ಪುಟ್ ವಿಂಡೋದಲ್ಲೂ ಏನಿಲ್ಲ ಎಂಬ ಸ್ಥಿತಿ ಹೆಚ್ಚು ಕಾಡುತ್ತದೆ, ಆದರೆ ಅದೂ ಒಂದು ಸುಳಿವೇ. ಡೇಟಾಕಾಂಟೆಕ್ಸ್ಟ್ ನಲ್ (ಯಾವ ವಸ್ತುವೂ ಇಲ್ಲದ ಸ್ಥಿತಿ) ಆಗಿದ್ದರೆ, ಅಥವಾ ಆರ್ಡರ್, ಕಸ್ಟಮರ್, ನೇಮ್ ಎಂದು ಚುಕ್ಕಿಯಿಟ್ಟು ಬರೆದ ಪಾತ್‌ನ ನಡುವಿನ ವಸ್ತು ನಲ್ ಆಗಿದ್ದರೆ, ಸಾಮಾನ್ಯ ಮಟ್ಟದ ಟ್ರೇಸಿಂಗ್‌ನಲ್ಲಿ ಅದನ್ನು ದೋಷವೆಂದು ವರದಿ ಮಾಡುವುದಿಲ್ಲ. ಸಂದೇಶ ಬಂದರೆ ವಸ್ತು ಇದೆ, ಹೆಸರು ಸಿಗುತ್ತಿಲ್ಲ. ಸಂದೇಶವೇ ಇಲ್ಲದಿದ್ದರೆ ವಸ್ತುವೇ ಇಲ್ಲದಿರುವ ಸಾಧ್ಯತೆ ಹೆಚ್ಚು. ಖಚಿತಪಡಿಸಿಕೊಳ್ಳಲು ಆ ಒಂದು ಬೈಂಡಿಂಗ್‌ಗೆ ಮಾತ್ರ ಪ್ರೆಸೆಂಟೇಶನ್‌ಟ್ರೇಸ್‌ಸೋರ್ಸಸ್‌ನ ಟ್ರೇಸ್‌ಲೆವೆಲ್ ಅನ್ನು ಹೈ ಎಂದು ಇರಿಸಿ. ಆಗ ಮೂಲವನ್ನು ಹುಡುಕಿದ್ದು, ಪ್ರಾಪರ್ಟಿಯನ್ನು ಓದಿದ್ದು, ಮೌಲ್ಯದ ರೂಪ ಬದಲಿಸುವ ಕನ್ವರ್ಟರ್ ಕರೆದದ್ದು, ಕೊನೆಗೆ ಕಂಟ್ರೋಲ್‌ಗೆ ಕೊಟ್ಟ ಮೌಲ್ಯ, ಎಲ್ಲವೂ ಸಾಲುಸಾಲಾಗಿ ಬರುತ್ತವೆ; ಯಾವ ಹಂತದಲ್ಲಿ ನಲ್ ಕಾಣಿಸಿತೋ ಅಲ್ಲಿಂದ ಹುಡುಕಾಟ ಆರಂಭಿಸಿದರಾಯಿತು. ವಿಶುವಲ್ ಸ್ಟುಡಿಯೋ 2022ರಲ್ಲಿ ಬೈಂಡಿಂಗ್ ವೈಫಲ್ಯಗಳಿಗಾಗಿಯೇ ಪ್ರತ್ಯೇಕ ಕಿಟಕಿಯಿದೆ, ಅದನ್ನು ಸದಾ ತೆರೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಕೆಲಸಕ್ಕೆ ಅಡ್ಡಿಯಾಗದ ನೂರಾರು ಹಳೆಯ ಸಂದೇಶಗಳನ್ನು ಹಾಗೇ ಬಿಟ್ಟ ಯೋಜನೆಗಳಲ್ಲಿ ಹೊಸ ದೋಷ ಕಣ್ಣಿಗೆ ಬೀಳುವುದೇ ಇಲ್ಲ, ಆದ್ದರಿಂದ ಅವುಗಳನ್ನು ಬಿಡುವು ಮಾಡಿಕೊಂಡಾದರೂ ತೊಡೆದುಹಾಕಬೇಕು.

ಡೇಟಾಕಾಂಟೆಕ್ಸ್ಟ್ ತಲುಪದ ಜಾಗಗಳು

ಡೇಟಾಕಾಂಟೆಕ್ಸ್ಟ್ ಮೇಲಿನ ಅಂಶದಿಂದ ಕೆಳಗಿನ ಅಂಶಕ್ಕೆ ತಾನಾಗಿ ಇಳಿದು ಬರುತ್ತದೆ ಎಂಬ ನಿಯಮ ನಿಜವಾದರೂ ಕೆಲವೆಡೆ ಅದು ನಿಂತುಬಿಡುತ್ತದೆ. ಡೇಟಾಗ್ರಿಡ್‌ನ ಕಾಲಂ ಇದಕ್ಕೆ ಪ್ರಸಿದ್ಧ ಉದಾಹರಣೆ. ಕಾಲಂ ಎಂಬುದು ಪರದೆಯ ಮೇಲೆ ಚಿತ್ರಿತವಾಗುವ ಅಂಶವಲ್ಲ, ಚಿತ್ರಿತ ಅಂಶಗಳ ಶ್ರೇಣಿಯಾದ ವಿಶುವಲ್ ಟ್ರೀಯಲ್ಲಿ ಅದಕ್ಕೆ ಸ್ಥಾನವಿಲ್ಲ; ಹೀಗಾಗಿ ಕಾಲಂನ ವಿಸಿಬಿಲಿಟಿಯನ್ನು ವ್ಯೂಮಾಡೆಲ್‌ಗೆ ಬೈಂಡ್ ಮಾಡಿದರೆ 2ನೇ ಸಂಖ್ಯೆಯ ದೋಷ ಬಂದು, ಗವರ್ನಿಂಗ್ ಫ್ರೇಮ್‌ವರ್ಕ್‌ಎಲಿಮೆಂಟ್ ಸಿಗಲಿಲ್ಲ ಎಂದು ಹೇಳುತ್ತದೆ. ಫ್ರೀಜಬಲ್ ವರ್ಗದಿಂದ ಒಂದು ಪುಟ್ಟ ಪ್ರಾಕ್ಸಿ (ಡೇಟಾಕಾಂಟೆಕ್ಸ್ಟ್ ಅನ್ನು ತಲುಪಿಸುವ ಮಧ್ಯವರ್ತಿ) ವರ್ಗವನ್ನು ಪಡೆದು, ಅದನ್ನು ರಿಸೋರ್ಸ್ ಆಗಿ ಇಟ್ಟು, ಕಾಲಂನಿಂದ ಸ್ಟ್ಯಾಟಿಕ್‌ರಿಸೋರ್ಸ್ ಮೂಲಕ ಆ ಪ್ರಾಕ್ಸಿಯನ್ನು ಮೂಲವಾಗಿ ತೋರಿಸುವುದು ಇದಕ್ಕೆ ರೂಢಿಯಲ್ಲಿರುವ ಪರಿಹಾರ. ಬಲ ಕ್ಲಿಕ್‌ಗೆ ತೆರೆಯುವ ಕಾಂಟೆಕ್ಸ್ಟ್‌ಮೆನುವಿನ ಕಥೆ ಸ್ವಲ್ಪ ಬೇರೆ. ಅದು ತನ್ನದೇ ಪ್ರತ್ಯೇಕ ಟ್ರೀಯಲ್ಲಿ ತೆರೆದುಕೊಳ್ಳುವುದರಿಂದ ಹೆಸರಿನಿಂದ ಅಂಶ ಹುಡುಕುವ ಎಲಿಮೆಂಟ್‌ನೇಮ್ ಆಗಲಿ, ಮೇಲಿನ ಅಂಶವನ್ನು ಟೈಪ್‌ನಿಂದ ಹುಡುಕುವ ಆನ್ಸೆಸ್ಟರ್‌ಟೈಪ್ ಆಗಲಿ ಅಲ್ಲಿಂದ ವಿಂಡೋವರೆಗೆ ಹೋಗಲಾರವು. ಮೆನುವಿನ ಪ್ಲೇಸ್‌ಮೆಂಟ್‌ಟಾರ್ಗೆಟ್ (ಮೆನು ಯಾವ ಅಂಶದ ಮೇಲೆ ತೆರೆಯಿತೋ ಅದು) ಹಿಡಿದು, ಅದರ ಡೇಟಾಕಾಂಟೆಕ್ಸ್ಟ್ ಮೂಲಕ ಕಮಾಂಡ್ ತಲುಪಬೇಕು.

ಯೂಸರ್‌ಕಂಟ್ರೋಲ್ ಬರೆಯುವವರಿಂದ ಆಗುವ ತೊಂದರೆಯೂ ಇದೇ ಜಾತಿಯದು. ಕಂಟ್ರೋಲ್‌ನ ಕನ್‌ಸ್ಟ್ರಕ್ಟರ್‌ನಲ್ಲಿ ಡೇಟಾಕಾಂಟೆಕ್ಸ್ಟ್‌ಗೆ ದಿಸ್ ಎಂದು ಕೊಟ್ಟರೆ ಕಂಟ್ರೋಲ್‌ನ ಒಳಗಿನ ಬೈಂಡಿಂಗ್‌ಗಳು ಸರಿಯಾಗುತ್ತವೆ, ಆದರೆ ಅದನ್ನು ಬಳಸುವ ಪುಟದಲ್ಲಿ ಬರೆದ ಬೈಂಡಿಂಗ್‌ಗಳೂ ಪುಟದ ವ್ಯೂಮಾಡೆಲ್ ಬಿಟ್ಟು ಕಂಟ್ರೋಲ್‌ನ ಒಳಗೇ ಹುಡುಕತೊಡಗುತ್ತವೆ. ಡೇಟಾಕಾಂಟೆಕ್ಸ್ಟ್ ಅನ್ನು ಕಂಟ್ರೋಲ್‌ಗೆ ಕೊಡುವ ಬದಲು ಅದರೊಳಗಿನ ಮೊದಲ ಗ್ರಿಡ್‌ಗೆ ಕೊಟ್ಟರೆ ಎರಡೂ ಕಡೆ ಸರಿಹೋಗುತ್ತದೆ.

ಮೊದಲು ಕಂಡದ್ದು ಆಮೇಲೆ ಬದಲಾಗುವುದಿಲ್ಲ

ವಿಂಡೋ ತೆರೆದಾಗ ಮೌಲ್ಯ ಸರಿಯಾಗಿ ಬಂದು, ನಂತರದ ಬದಲಾವಣೆ ಮಾತ್ರ ಪರದೆಗೆ ಬಾರದಿದ್ದರೆ ಮೂಲ ಮತ್ತು ಪಾತ್ ಎರಡೂ ನಿರ್ದೋಷಿಗಳು. ಸುದ್ದಿ ತಲುಪಿಸುವ ಇವೆಂಟ್‌ನಲ್ಲಿ ಕೊರತೆಯಿದೆ. ಪ್ರಾಪರ್ಟಿಚೇಂಜ್ಡ್ ಇವೆಂಟ್ ಘೋಷಿಸಿ, ಸೆಟ್ಟರ್‌ನಲ್ಲಿ (ಪ್ರಾಪರ್ಟಿಗೆ ಮೌಲ್ಯ ಬರೆಯುವ ಭಾಗ) ಅದನ್ನು ಎಬ್ಬಿಸಿ, ವರ್ಗದ ಹೆಸರಿನ ಮುಂದೆ ಬದಲಾವಣೆ ತಿಳಿಸುವ ಇಂಟರ್‌ಫೇಸ್ ಆದ ಐನೋಟಿಫೈಪ್ರಾಪರ್ಟಿಚೇಂಜ್ಡ್ ಎಂದು ಬರೆಯುವುದನ್ನು ಮರೆತರೂ ಕಂಪೈಲರ್ ತಕರಾರು ಮಾಡುವುದಿಲ್ಲ. ಸೆಟ್ಟರ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ಇವೆಂಟ್ ನಲ್ ಆಗಿದೆಯೇ ಎಂದು ನೋಡಿ. ನಲ್ ಆಗಿದ್ದರೆ ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದರ್ಥ. ಇವೆಂಟ್‌ಗೆ ಕೊಡುವ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಕೈಯಾರೆ ಬರೆದಿದ್ದರೆ, ಪ್ರಾಪರ್ಟಿಯ ಹೆಸರು ಬದಲಿಸಿದ ದಿನ ಅದು ಹಳೆಯದಾಗಿ ಉಳಿಯುತ್ತದೆ. ಹೆಸರನ್ನು ಕಂಪೈಲರೇ ತುಂಬುವ ಸೌಲಭ್ಯಗಳಾದ, ಸಿ ಶಾರ್ಪ್ 5ರಲ್ಲಿ ಬಂದ ಕಾಲರ್‌ಮೆಂಬರ್‌ನೇಮ್ ಮತ್ತು ಸಿ ಶಾರ್ಪ್ 6ರಲ್ಲಿ ಬಂದ ನೇಮ್‌ಆಫ್ ಇರುವಾಗ ಹಾಗೆ ಬರೆಯಲು ಕಾರಣವೇ ಇಲ್ಲ. ಬೆಲೆ ಮತ್ತು ಪ್ರಮಾಣದಿಂದ ಲೆಕ್ಕ ಹಾಕುವ ಮೊತ್ತದಂಥ ಪ್ರಾಪರ್ಟಿಗೆ ತನ್ನದೇ ಸೆಟ್ಟರ್ ಇರುವುದಿಲ್ಲ. ಬೆಲೆಯ ಸೆಟ್ಟರ್ ಮತ್ತು ಪ್ರಮಾಣದ ಸೆಟ್ಟರ್ ಎರಡರಲ್ಲೂ ಮೊತ್ತದ ಹೆಸರಿನಲ್ಲಿ ಇವೆಂಟ್ ಎಬ್ಬಿಸಬೇಕು.

ಪಟ್ಟಿಗಳ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಸಾಮಾನ್ಯ ಲಿಸ್ಟ್‌ಗೆ ಹೊಸ ಅಂಶ ಸೇರಿಸಿದರೆ ಪರದೆಗೆ ತಿಳಿಯುವುದಿಲ್ಲವೆಂದು ಎಲ್ಲರೂ ಅಬ್ಸರ್ವಬಲ್‌ಕಲೆಕ್ಷನ್ ಬಳಸುತ್ತಾರೆ, ಸರಿಯೇ. ಆದರೆ ಅದು ಅಂಶ ಸೇರಿದ್ದನ್ನೂ ತೆಗೆದದ್ದನ್ನೂ ಹೇಳುತ್ತದೆಯೇ ಹೊರತು, ಒಳಗಿರುವ ಅಂಶದ ಪ್ರಾಪರ್ಟಿ ಬದಲಾದದ್ದನ್ನು ಹೇಳುವುದಿಲ್ಲ. ಅದಕ್ಕೆ ಆ ಅಂಶದ ವರ್ಗವೇ ಐನೋಟಿಫೈಪ್ರಾಪರ್ಟಿಚೇಂಜ್ಡ್ ಆಗಿರಬೇಕು. ಇಡೀ ಕಲೆಕ್ಷನ್ ಅನ್ನೇ ಹೊಸದಾಗಿ ಸೃಷ್ಟಿಸಿ ಪ್ರಾಪರ್ಟಿಗೆ ಕೊಟ್ಟರೆ ಪರದೆ ಹಳೆಯ ಕಲೆಕ್ಷನ್‌ಗೇ ಅಂಟಿಕೊಂಡಿರುತ್ತದೆ, ಆ ಪ್ರಾಪರ್ಟಿಯ ಇವೆಂಟ್ ಎಬ್ಬಿಸುವವರೆಗೆ. ಬ್ಯಾಕ್‌ಗ್ರೌಂಡ್ ಥ್ರೆಡ್‌ನಿಂದ ಒಂಟಿ ಪ್ರಾಪರ್ಟಿ ಬದಲಿಸಿದರೆ ಡಬ್ಲ್ಯುಪಿಎಫ್ ತಾನೇ ಅದನ್ನು ಯುಐ ಥ್ರೆಡ್‌ಗೆ ದಾಟಿಸುತ್ತದೆ, ಕಲೆಕ್ಷನ್‌ಗೆ ಸೇರಿಸಿದರೆ ಮಾತ್ರ ನಾಟ್‌ಸಪೋರ್ಟೆಡ್‌ಎಕ್ಸೆಪ್ಶನ್ ಬರುತ್ತದೆ. ಯುಐ ಥ್ರೆಡ್‌ಗೆ ಕೆಲಸ ಒಪ್ಪಿಸುವ ಡಿಸ್‌ಪ್ಯಾಚರ್ ಮೂಲಕ ಸೇರಿಸಬಹುದು, ಅಥವಾ ಡಾಟ್‌ನೆಟ್ 4.5ರಿಂದ ಇರುವ ಎನೇಬಲ್‌ಕಲೆಕ್ಷನ್‌ಸಿಂಕ್ರೊನೈಸೇಶನ್ ಬಳಸಬಹುದು.

ಬರೆದದ್ದು ಸೇವ್ ಆಗುವುದಿಲ್ಲ

ಟೆಕ್ಸ್ಟ್‌ಬಾಕ್ಸ್‌ನ ಟೆಕ್ಸ್ಟ್ ಪ್ರಾಪರ್ಟಿಗೆ ಪೂರ್ವನಿಯೋಜಿತ ಮೋಡ್ ಟೂವೇ, ಆದರೆ ಮೌಲ್ಯ ಮೂಲಕ್ಕೆ ಹೋಗುವುದು ಲಾಸ್ಟ್‌ಫೋಕಸ್ ಆದಾಗ, ಅಂದರೆ ಬಾಕ್ಸ್ ಫೋಕಸ್ ಕಳೆದುಕೊಂಡಾಗ. ಬಳಕೆದಾರರು ಕೊನೆಯ ಬಾಕ್ಸ್‌ನಲ್ಲಿ ಬರೆದು, ಟೂಲ್‌ಬಾರ್‌ನ ಸೇವ್ ಗುಂಡಿ ಒತ್ತುತ್ತಾರೆ. ಟೂಲ್‌ಬಾರ್ ಮತ್ತು ಮೆನು ತಮ್ಮದೇ ಫೋಕಸ್ ಸ್ಕೋಪ್ (ಫೋಕಸ್ ಅನ್ನು ಪ್ರತ್ಯೇಕವಾಗಿ ನೆನಪಿಡುವ ವಲಯ) ಆಗಿರುವುದರಿಂದ ಟೆಕ್ಸ್ಟ್‌ಬಾಕ್ಸ್ ತನ್ನ ತಾರ್ಕಿಕ ಫೋಕಸ್ ಕಳೆದುಕೊಳ್ಳುವುದೇ ಇಲ್ಲ, ಹಳೆಯ ಮೌಲ್ಯವೇ ಸೇವ್ ಆಗುತ್ತದೆ. ಕಂಟ್ರೋಲ್ ಕೀ ಜೊತೆ ಎಸ್ ಒತ್ತಿದಾಗಲೂ ಇದೇ ಗತಿ. ಪರೀಕ್ಷಿಸುವವರು ಅಭ್ಯಾಸಬಲದಿಂದ ಟ್ಯಾಬ್ ಒತ್ತಿ ಮುಂದೆ ಹೋಗುವುದರಿಂದ ಅವರಿಗೆ ಈ ದೋಷ ಕಾಣುವುದಿಲ್ಲ, ಬಳಕೆದಾರರಿಗೆ ಮಾತ್ರ ಆಗಾಗ ಕಾಣುತ್ತದೆ. ಟ್ರಿಗರ್ ಅನ್ನು ಪ್ರಾಪರ್ಟಿಚೇಂಜ್ಡ್ ಎಂದು ಬದಲಿಸುವುದು ಸುಲಭದ ದಾರಿ, ಆದರೆ ದಶಮಾಂಶ ಸಂಖ್ಯೆಯ ಬಾಕ್ಸ್‌ನಲ್ಲಿ ಡಾಟ್‌ನೆಟ್ 4.5ರಿಂದೀಚೆಗೆ ಚುಕ್ಕಿ ಬರೆದ ಕೂಡಲೇ ಅದು ಮಾಯವಾಗುವ ಹೊಸ ತೊಂದರೆ ಎದುರಾಗುತ್ತದೆ. ಸಂಖ್ಯೆಯ ಬಾಕ್ಸ್‌ಗಳಿಗೆ ಲಾಸ್ಟ್‌ಫೋಕಸ್ ಹಾಗೆಯೇ ಉಳಿಸಿ, ಸೇವ್ ಮಾಡುವ ಮುನ್ನ ಫೋಕಸ್ ಇರುವ ಬಾಕ್ಸ್‌ನ ಬೈಂಡಿಂಗ್‌ಎಕ್ಸ್‌ಪ್ರೆಶನ್‌ನಲ್ಲಿ ಅಪ್‌ಡೇಟ್‌ಸೋರ್ಸ್ ಕರೆಯುವುದು ನನ್ನ ಆಯ್ಕೆ.

ಕೋಡ್‌ಬಿಹೈಂಡ್‌ನಲ್ಲಿ ಮೌಲ್ಯ ತುಂಬುವುದರ ಅಪಾಯ ಇಲ್ಲಿ ಬರುತ್ತದೆ. ಒನ್‌ವೇ (ಮೂಲದಿಂದ ಪರದೆಗೆ ಮಾತ್ರ) ಬೈಂಡಿಂಗ್ ಇರುವ ಪ್ರಾಪರ್ಟಿಗೆ ಕೋಡ್‌ನಿಂದ ನೇರ ಮೌಲ್ಯ ಕೊಟ್ಟರೆ ಆ ಮೌಲ್ಯ ಬೈಂಡಿಂಗ್‌ನ ಜಾಗವನ್ನೇ ಆಕ್ರಮಿಸುತ್ತದೆ, ಬೈಂಡಿಂಗ್ ಕಳಚಿ ಬೀಳುತ್ತದೆ, ಮುಂದೆ ವ್ಯೂಮಾಡೆಲ್ ಎಷ್ಟು ಬದಲಾದರೂ ಪರದೆ ಅಲುಗಾಡುವುದಿಲ್ಲ. ಬೈಂಡಿಂಗ್‌ಆಪರೇಶನ್ಸ್‌ನ ಗೆಟ್‌ಬೈಂಡಿಂಗ್‌ಎಕ್ಸ್‌ಪ್ರೆಶನ್ ನಲ್ ಕೊಟ್ಟರೆ ಹೀಗಾಗಿದೆಯೆಂದು ತಿಳಿಯಬಹುದು. ಕೋಡ್‌ನಿಂದ ಬದಲಿಸುವುದು ಅನಿವಾರ್ಯವಾದರೆ ಸೆಟ್‌ಕರೆಂಟ್‌ವ್ಯಾಲ್ಯೂ ಬಳಸಿ, ಅದು ಬೈಂಡಿಂಗ್ ಅನ್ನು ಉಳಿಸುತ್ತದೆ.

ಕಾಂಬೊಬಾಕ್ಸ್‌ನ ಆಯ್ಕೆ ಖಾಲಿಯಾಗಿ ಕಾಣುವುದಕ್ಕೆ ಸಾಮಾನ್ಯ ಕಾರಣ ಸಮಾನತೆಯ ಹೋಲಿಕೆ. ಪಟ್ಟಿಯಲ್ಲಿರುವ ಇಲಾಖೆಯ ವಸ್ತುವೂ ಸೆಲೆಕ್ಟೆಡ್‌ಐಟಂಗೆ ಕೊಟ್ಟ ಇಲಾಖೆಯ ವಸ್ತುವೂ ಡೇಟಾಬೇಸ್‌ನಿಂದ ಬೇರೆಬೇರೆಯಾಗಿ ಬಂದಿದ್ದರೆ, ಐಡಿ ಒಂದೇ ಆಗಿದ್ದರೂ ಈಕ್ವಲ್ಸ್ ಬರೆಯದ ಹೊರತು ಅವು ಬೇರೆ ವಸ್ತುಗಳು. ಸೆಲೆಕ್ಟೆಡ್‌ವ್ಯಾಲ್ಯೂ ಬಳಸಿ ಐಡಿಯನ್ನೇ ಹೋಲಿಸುವುದು ಸರಳ, ಆದರೆ ಆಗ ಎರಡೂ ಕಡೆ ಒಂದೇ ಟೈಪ್ ಇರಬೇಕು. ಒಂದೆಡೆ ಇಂಟ್, ಇನ್ನೊಂದೆಡೆ ಸ್ಟ್ರಿಂಗ್ ಇದ್ದರೆ ಆಗದು. ಇನ್ನೊಂದು ಎಚ್ಚರಿಕೆ: ಪಟ್ಟಿಯನ್ನು ತೆರವು ಮಾಡಿ ಮತ್ತೆ ತುಂಬಿದರೆ, ತೆರವಾದ ಕ್ಷಣದಲ್ಲಿ ಕಾಂಬೊಬಾಕ್ಸ್ ತನ್ನ ಆಯ್ಕೆಯನ್ನು ನಲ್ ಮಾಡಿ, ಟೂವೇ ಬೈಂಡಿಂಗ್ ಮೂಲಕ ಆ ನಲ್ ಅನ್ನು ನಿಮ್ಮ ವ್ಯೂಮಾಡೆಲ್‌ಗೂ ಬರೆಯುತ್ತದೆ. ಆಯ್ಕೆಯನ್ನು ಮೊದಲು ಬದಿಗಿಟ್ಟು, ಪಟ್ಟಿ ತುಂಬಿದ ಮೇಲೆ ಹಿಂತಿರುಗಿಸಬೇಕು.

ಬೈಂಡಿಂಗ್ ಸರಿ, ಕಂಟ್ರೋಲ್ ಕೇಳುತ್ತಿಲ್ಲ

ಲೇಬಲ್‌ನ ಕಾಂಟೆಂಟ್‌ಗೆ ಬರೆದ ಸ್ಟ್ರಿಂಗ್‌ಫಾರ್ಮ್ಯಾಟ್ ಕೆಲಸ ಮಾಡುವುದಿಲ್ಲ, ಏಕೆಂದರೆ ಕಾಂಟೆಂಟ್‌ನ ಟೈಪ್ ಆಬ್ಜೆಕ್ಟ್. ಅಲ್ಲಿ ಕಾಂಟೆಂಟ್‌ಸ್ಟ್ರಿಂಗ್‌ಫಾರ್ಮ್ಯಾಟ್ ಬೇಕು. ದಿನಾಂಕ ಸದಾ ತಿಂಗಳು ಮೊದಲಾಗಿ ಕಾಣುತ್ತಿದ್ದರೆ ವಿಂಡೋಸ್‌ನ ಸೆಟ್ಟಿಂಗ್ ಬದಲಿಸಿ ಫಲವಿಲ್ಲ, ಬೈಂಡಿಂಗ್ ಬಳಸುವುದು ಅಂಶದ ಲ್ಯಾಂಗ್ವೇಜ್ ಪ್ರಾಪರ್ಟಿಯನ್ನು, ಅದರ ಪೂರ್ವನಿಯೋಜಿತ ಮೌಲ್ಯ ಅಮೆರಿಕನ್ ಇಂಗ್ಲಿಷ್. ಸ್ಟೈಲ್‌ನ ಟ್ರಿಗರ್ ಬಣ್ಣ ಬದಲಿಸದಿದ್ದರೆ ಆ ಬಣ್ಣವನ್ನು ಅಂಶದ ಮೇಲೆಯೇ ನೇರವಾಗಿ ಬರೆದಿದ್ದೀರಾ ನೋಡಿ, ಲೋಕಲ್ ಮೌಲ್ಯಕ್ಕೆ ಟ್ರಿಗರ್‌ಗಿಂತ ಮೇಲಿನ ಹಕ್ಕು. ಗ್ರಿಡ್‌ನ ಖಾಲಿ ಜಾಗದಲ್ಲಿ ಕ್ಲಿಕ್ ಹಿಡಿಯದಿದ್ದರೆ ಬ್ಯಾಕ್‌ಗ್ರೌಂಡ್ ಅನ್ನು ಟ್ರಾನ್ಸ್‌ಪರೆಂಟ್ ಮಾಡಿ. ನಲ್ ಆಗಿದ್ದರೆ ಮೌಸ್ ಅದನ್ನು ದಾಟಿ ಹೋಗುತ್ತದೆ. ಹಿನ್ನೆಲೆಯ ಕೆಲಸ ಮುಗಿದರೂ ಗುಂಡಿ ಮಂಕಾಗಿಯೇ ಇದ್ದು, ಎಲ್ಲೋ ಒಂದು ಕ್ಲಿಕ್ ಮಾಡಿದ ಮೇಲೆ ಜೀವ ಬಂದರೆ, ಗುಂಡಿ ಒತ್ತಬಹುದೇ ಎಂದು ಮತ್ತೆ ಪರಿಶೀಲಿಸಲು ಹೇಳುವ ಕಮಾಂಡ್‌ಮ್ಯಾನೇಜರ್‌ನ ಇನ್ವ್ಯಾಲಿಡೇಟ್‌ರಿಕ್ವೆರಿಸಜೆಸ್ಟೆಡ್ ಕರೆಯುವುದು ಬಾಕಿಯಿದೆ ಎಂದರ್ಥ.

ವಿನ್‌ಫಾರ್ಮ್ಸ್‌ನಲ್ಲಿ

ಇಲ್ಲಿಯೂ ಬೈಂಡಿಂಗ್‌ನ ಪೂರ್ವನಿಯೋಜಿತ ಕ್ರಮ ಆನ್‌ವ್ಯಾಲಿಡೇಶನ್ (ಕಂಟ್ರೋಲ್ ಬಿಟ್ಟು ಹೊರಡುವಾಗಿನ ಪರಿಶೀಲನೆಯಲ್ಲಿ ಮೌಲ್ಯ ಬರೆಯುವುದು) ಆದ್ದರಿಂದ, ಟೂಲ್‌ಸ್ಟ್ರಿಪ್‌ನ ಗುಂಡಿ ಒತ್ತಿದಾಗ ಕೊನೆಯ ಬದಲಾವಣೆ ಉಳಿಯದಿರುವ ತೊಂದರೆ ಹಾಗೆಯೇ ಇದೆ. ಸೇವ್ ಮಾಡುವ ಮೊದಲು ಫಾರ್ಮ್‌ನ ವ್ಯಾಲಿಡೇಟ್, ನಂತರ ಬೈಂಡಿಂಗ್‌ಸೋರ್ಸ್‌ನ (ಪಟ್ಟಿ ಮತ್ತು ಕಂಟ್ರೋಲ್‌ಗಳ ನಡುವಿನ ಕೊಂಡಿ) ಎಂಡ್‌ಎಡಿಟ್, ಈ ಕ್ರಮದಲ್ಲಿ ಕರೆಯಿರಿ. ಲಿಸ್ಟ್ ಬದಲು ಬೈಂಡಿಂಗ್‌ಲಿಸ್ಟ್ ಬಳಸಿದರೆ ಡೇಟಾಗ್ರಿಡ್‌ವ್ಯೂ ಹೊಸ ಸಾಲುಗಳನ್ನು ತಾನಾಗಿ ತೋರಿಸುತ್ತದೆ. ಲಿಸ್ಟ್ ಅನ್ನೇ ಉಳಿಸಿಕೊಳ್ಳಬೇಕಾದಲ್ಲಿ ರಿಸೆಟ್‌ಬೈಂಡಿಂಗ್ಸ್ ಕರೆಯಬೇಕು. ಗ್ರಿಡ್‌ನ ಚೆಕ್‌ಬಾಕ್ಸ್ ಒತ್ತಿದ ಕೂಡಲೇ ಮೌಲ್ಯ ಬೇಕಿದ್ದರೆ ಕರೆಂಟ್‌ಸೆಲ್‌ಡರ್ಟಿಸ್ಟೇಟ್‌ಚೇಂಜ್ಡ್ ಇವೆಂಟ್‌ನಲ್ಲಿ ಕಮಿಟ್‌ಎಡಿಟ್ ಮಾಡಬೇಕು, ಇಲ್ಲದಿದ್ದರೆ ಆ ಚೌಕ ಬಿಟ್ಟು ಹೊರಬರುವವರೆಗೆ ಹಳೆಯ ಮೌಲ್ಯವೇ ಇರುತ್ತದೆ.

ಒಂದೇ ಫಾರ್ಮ್‌ನಲ್ಲಿ ಎರಡು ಕಾಂಬೊಬಾಕ್ಸ್‌ಗಳಿಗೆ ಒಂದೇ ಪಟ್ಟಿಯನ್ನು ಡೇಟಾಸೋರ್ಸ್ ಆಗಿ ಕೊಟ್ಟಾಗ, ಒಂದರಲ್ಲಿ ಆಯ್ಕೆ ಬದಲಿಸಿದರೆ ಇನ್ನೊಂದೂ ಬದಲಾಗುವುದನ್ನು ಕಂಡು ಇವೆಂಟ್ ಹ್ಯಾಂಡ್ಲರ್‌ಗಳಲ್ಲಿ ತಪ್ಪು ಹುಡುಕುವವರುಂಟು. ಅಲ್ಲಿ ತಪ್ಪೇನೂ ಸಿಗುವುದಿಲ್ಲ. ಒಂದು ಡೇಟಾಸೋರ್ಸ್‌ಗೆ ಫಾರ್ಮ್‌ನ ಬೈಂಡಿಂಗ್‌ಕಾಂಟೆಕ್ಸ್ಟ್‌ನಲ್ಲಿ ಒಂದೇ ಕರೆನ್ಸಿಮ್ಯಾನೇಜರ್ ಇರುತ್ತದೆ, ‘ಈಗಿನ ಸಾಲು’ ಯಾವುದೆಂದು ನೆನಪಿಡುವುದು ಅದೇ, ಎರಡೂ ಬಾಕ್ಸ್‌ಗಳು ಅದನ್ನು ಹಂಚಿಕೊಂಡಿವೆ. ಪ್ರತಿ ಕಾಂಬೊಬಾಕ್ಸ್‌ಗೆ ಬೇರೆ ಬೈಂಡಿಂಗ್‌ಸೋರ್ಸ್ ಕೊಟ್ಟು, ಆ ಎರಡಕ್ಕೂ ಅದೇ ಪಟ್ಟಿಯನ್ನು ಜೋಡಿಸಿದರೆ ಆಯ್ಕೆಗಳು ಒಂದನ್ನೊಂದು ಎಳೆಯುವುದು ನಿಲ್ಲುತ್ತದೆ.