ಬ್ಯಾಕ್ಲೋಫೆನ್ ಬರೆಯುವ ಮುನ್ನ ನಾನು ನೋಡುವುದು

ಬೆನ್ನುಹುರಿಗೆ ಪೆಟ್ಟಾಗಿ ನಮ್ಮ ಪುನರ್ವಸತಿ ವಿಭಾಗಕ್ಕೆ ಬರುವವರಲ್ಲಿ ಅಡಿಕೆ ಮರದಿಂದ ಬಿದ್ದವರೂ ಇರುತ್ತಾರೆ, ಬೈಕ್ ಅಪಘಾತದವರೂ ಇರುತ್ತಾರೆ. ಮನೆಯವರ ಪ್ರಶ್ನೆ ಮಾತ್ರ ಒಂದೇ: "ಡಾಕ್ಟ್ರೇ, ಕಾಲಿಗೆ ಶಕ್ತಿ ಬರೋ ಇಂಜೆಕ್ಷನ್ ಯಾವುದಾದ್ರೂ ಇದ್ಯಾ?" ಹಾಳಾದ ನರತಂತುಗಳನ್ನು ಮತ್ತೆ ಜೋಡಿಸುವ ಔಷಧ ಇನ್ನೂ ಬಂದಿಲ್ಲ ಎಂದು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ. ಸುಳ್ಳು ಆಸೆಗೆ ಜಮೀನು ಮಾರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಿಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಬಗ್ಗೆ ಅನೇಕರು ಕೇಳಿರುತ್ತಾರೆ. ಪೆಟ್ಟಾದ 8 ಗಂಟೆಯೊಳಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಸ್ವಲ್ಪ ಗುಣ ಕಾಣುತ್ತದೆ ಎಂದು 1990ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತ್ತು. ಲಾಭ ಅತ್ಯಲ್ಪ, ಸೋಂಕು, ರಕ್ತಸ್ರಾವದ ಅಪಾಯ ಹೆಚ್ಚು ಎಂಬ ವಾದ ಬಲವಾಗಿ, 2013ರಲ್ಲಿ ಅಲ್ಲಿನ ನರಶಸ್ತ್ರಚಿಕಿತ್ಸಕರ ಮಾರ್ಗಸೂಚಿಯೇ ಅದು ಬೇಡ ಎಂದಿತು. ನನ್ನ ಬಳಿ ಬರುವ ಹೊತ್ತಿಗಂತೂ ಆ ಗಂಟೆಗಳೆಲ್ಲ ಕಳೆದಿರುತ್ತವೆ.

ನನ್ನ ಕೈಯಲ್ಲಿ ಉಳಿಯುವುದು, ಬೆನ್ನುಹುರಿಗೆ ಪೆಟ್ಟಾದ ಮೇಲೆ ಸ್ನಾಯುಗಳಲ್ಲಿ ತಾನಾಗಿಯೇ ಬರುವ ಬಿಗಿತ, ಸೆಳೆತ ಇಳಿಸುವ ಔಷಧಗಳು, ಮುಖ್ಯವಾಗಿ ಬ್ಯಾಕ್ಲೋಫೆನ್ ಮಾತ್ರೆ. ಇದು ಶಕ್ತಿ ಕೊಡುವುದಿಲ್ಲ. ಅಲ್ಪಸ್ವಲ್ಪ ಉಳಿದ ಚಲನೆಗೆ ಅಡ್ಡ ನಿಂತ ಸೆಳೆತವನ್ನು ತಗ್ಗಿಸುತ್ತದೆ, ಅಷ್ಟೇ.

ಆದರೆ ಎಲ್ಲ ಬಿಗಿತವೂ ಶತ್ರುವಲ್ಲ. ಬೆನ್ನುಹುರಿಗೆ ಭಾಗಶಃ ಪೆಟ್ಟಾದ ಯುವಕನೊಬ್ಬ ಪ್ಯಾರಲಲ್ ಬಾರ್ (ಎರಡೂ ಬದಿಯ ಆಸರೆ ಕಂಬಿ) ಹಿಡಿದು ನಿಲ್ಲುತ್ತಿದ್ದ. ತೊಡೆಯ ಸ್ನಾಯುವಿನಲ್ಲಿ ಸ್ವಂತ ಬಲ ತೀರಾ ಕಡಿಮೆ. ಮಂಡಿ ಮಡಚದಂತೆ ಹಿಡಿದಿದ್ದದ್ದು ಬಿಗಿತವೇ. ರಾತ್ರಿ ಮಾತ್ರ ಎರಡೂ ಕಾಲು ಕತ್ತರಿಯ ಹಾಗೆ ಹೆಣೆದುಕೊಂಡು ನಿದ್ದೆಯಿಲ್ಲ. ಹಗಲಿನ ಮಾತ್ರೆಯನ್ನು 5 ಮಿಲಿಗ್ರಾಂನಲ್ಲೇ ಇಟ್ಟು, ಮಲಗುವಾಗಿನದನ್ನಷ್ಟೇ ನಿಧಾನವಾಗಿ ಏರಿಸಿದೆ. ತೊಡೆಯ ಒಳಭಾಗದ ಸ್ನಾಯುವಿಗೆ, ಅದನ್ನು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಕೊಟ್ಟೆ. ಅದು ಸುಮಾರು ಮೂರು ತಿಂಗಳು ಕೆಲಸ ಮಾಡುತ್ತದೆ. ಆ ಅವಧಿಯಲ್ಲೇ ಫಿಸಿಯೋಥೆರಪಿ ಜೋರಾಗಿ ನಡೆಯಬೇಕು. ಅವನು ಕ್ಯಾಲಿಪರ್ (ಕಾಲಿಗೆ ಆಧಾರ ಕೊಡುವ ಸಾಧನ) ಹಾಕಿಕೊಂಡು ವಾಕರ್ ಹಿಡಿದು ಹೆಜ್ಜೆ ಹಾಕಿದ್ದು ಆಗಲೇ.

ಸೆಳೆತ ಇದ್ದಕ್ಕಿದ್ದಂತೆ ಹೆಚ್ಚಾದರೆ ನಾನು ಡೋಸ್ ಏರಿಸುವ ಮೊದಲು ಬಟ್ಟೆ ಸರಿಸಿ ಮೈಯೆಲ್ಲ ನೋಡುತ್ತೇನೆ. ನೋವಿನ ಅರಿವಿಲ್ಲದ ಕಾಲು ಸೆಳೆತದ ಮೂಲಕವೇ ದೂರು ಹೇಳುತ್ತದೆ. ಒಬ್ಬರ ಸಾಕ್ಸ್ ತೆಗೆದಾಗ ಹೆಬ್ಬೆರಳಿನ ಉಗುರು ಒಳಗೆ ಚುಚ್ಚಿ ಕೀವಾಗಿತ್ತು; ಅದು ವಾಸಿಯಾದ ಮೇಲೆ ಹಳೆಯ ಡೋಸೇ ಸಾಕಾಯಿತು. ಮೂತ್ರದ ಸೋಂಕು, ಮಲಬದ್ಧತೆ, ಒಂದೇ ಕಡೆ ಒತ್ತಿ ಚರ್ಮದಲ್ಲಾಗುವ ಹುಣ್ಣು, ಕಟ್ಟಿಕೊಂಡ ಕ್ಯಾಥೆಟರ್ (ಮೂತ್ರದ ನಳಿಕೆ), ಎಲ್ಲವೂ ಹೀಗೇ ಕಾಡುತ್ತವೆ.

ಕಿಡ್ನಿ ತೊಂದರೆ ಇದ್ದವರಿಗೆ ಬ್ಯಾಕ್ಲೋಫೆನ್ ಪ್ರಮಾಣ ಕಡಿಮೆ ಇರಬೇಕು, ಇಲ್ಲದಿದ್ದರೆ ವಿಪರೀತ ಮಂಪರು. ಮನೆಯವರಿಗೆ ನಾನು ಒತ್ತಿ ಹೇಳುವುದು, ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ ಎಂದು. ಹಾಗೆ ಮಾಡಿದರೆ ಫಿಟ್ಸ್, ಭ್ರಮೆ, ಜ್ವರ ಬಂದು ಜೀವಕ್ಕೇ ಅಪಾಯವಾಗಬಹುದು. ಮದುವೆ, ಜಾತ್ರೆ ಅಂತ ಊರಿಗೆ ಹೊರಟವರ ಚೀಟಿಯಲ್ಲಿ ಒಂದು ಸ್ಟ್ರಿಪ್ ಹೆಚ್ಚೇ ಬರೆಯುತ್ತೇನೆ. ಬಿಡಿಸಲೇಬೇಕಾದಾಗ ವಾರ ವಾರ ಸ್ವಲ್ಪ ಸ್ವಲ್ಪವೇ ಇಳಿಸಿ, ನಡುನಡುವೆ ಫೋನ್ ಮಾಡಿ ವಿಚಾರಿಸುತ್ತೇನೆ.