ನಾನು ತಪ್ಪಾಗಿ ಅನುವಾದಿಸಿದ ಒಂದು ಪದ

ಚಿತ್ರದುರ್ಗ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಇತಿಹಾಸದ ಉಪನ್ಯಾಸಕ. ನರಮೇಧದಂತಹ ವಿಷಯವನ್ನು ಬರೀ ಅಂಕಿ-ಅಂಶಗಳಲ್ಲಿ ಹೇಳಿದರೆ ಅದು ಎರಡು ಅಂಕದ ಪ್ರಶ್ನೆಯಾಗಿ ಮುಗಿದುಹೋಗುತ್ತದೆ ಎಂಬುದು ನನ್ನ ಹಳೆಯ ಕೊರಗು. ಹಳೆಯ ವಿದ್ಯಾರ್ಥಿಯೊಬ್ಬ, ಬೆಂಗಳೂರಿನಲ್ಲಿ ತನ್ನ ಸಹೋದ್ಯೋಗಿಯಾಗಿದ್ದ, ಆಫ್ರಿಕಾದ ರುವಾಂಡಾ ದೇಶದವರೊಬ್ಬರು ನಮ್ಮಲ್ಲಿಗೆ ಬಂದು ಮಾತನಾಡಲು ಒಪ್ಪಿದ್ದಾರೆಂದು ತಿಳಿಸಿದಾಗ, ಸಂತೋಷಕ್ಕಿಂತ ಅಳುಕೇ ಹೆಚ್ಚಾಯಿತು. 1994ರಲ್ಲಿ ರುವಾಂಡಾದಲ್ಲಿ ನರಮೇಧ ನಡೆದಾಗ ಅವರಿಗೆ 9 ವರ್ಷ.

ಅವರು ಬರುವ ಮುನ್ನ ನಾಲ್ಕು ತರಗತಿಗಳನ್ನು ಸಿದ್ಧತೆಗೆಂದೇ ಮೀಸಲಿಟ್ಟೆ. ಆ ವರ್ಷದ ಏಪ್ರಿಲ್‌ನಿಂದ ಜುಲೈವರೆಗಿನ ಸುಮಾರು 100 ದಿನಗಳಲ್ಲಿ ಕೊಲೆಯಾದವರ ಸಂಖ್ಯೆಯನ್ನು 8 ಲಕ್ಷದಷ್ಟೆಂದು ಸಾಮಾನ್ಯವಾಗಿ ಅಂದಾಜಿಸುತ್ತಾರೆ; ಅವರಲ್ಲಿ ಬಹುಪಾಲು ಅಲ್ಲಿನ ಅಲ್ಪಸಂಖ್ಯಾತ ಸಮುದಾಯವಾದ ಟುಟ್ಸಿಗಳು, ಕೊಂದವರು ಬಹುಸಂಖ್ಯಾತ ಹುಟು ಸಮುದಾಯದ ಉಗ್ರರು. ಹೆಣಗಳ ಚಿತ್ರಗಳನ್ನು ನಾನು ತೋರಿಸಲಿಲ್ಲ. ಬದಲಿಗೆ, ಬೆಲ್ಜಿಯಂ ಆಡಳಿತವು 1930ರ ದಶಕದಲ್ಲಿ ಜಾರಿಗೆ ತಂದ, ಹುಟು ಅಥವಾ ಟುಟ್ಸಿ ಎಂದು ನಮೂದಿಸಿದ ಗುರುತಿನ ಚೀಟಿಯಿಂದ ಪಾಠ ಆರಂಭಿಸಿದೆ. ಟುಟ್ಸಿಗಳನ್ನು ಜಿರಳೆಗಳೆಂದು ದಿನವೂ ಕರೆಯುತ್ತಿದ್ದ ರೇಡಿಯೊ, ರಸ್ತೆಯ ತಡೆಗಳಲ್ಲಿ ಅದೇ ಚೀಟಿಯನ್ನು ನೋಡಿ ಆಗುತ್ತಿದ್ದ ಕೊಲೆಗಳು, ಒಂದರ ಹಿಂದೊಂದಾಗಿ ಬಂದವು. ನಮ್ಮ ಜಾತಿ ಪ್ರಮಾಣಪತ್ರವೂ ಇಂತಹದ್ದೇ ಅಲ್ಲವೇ ಎಂದು ಒಬ್ಬ ಕೇಳಿದ; ಶತಮಾನಗಳ ಅನ್ಯಾಯವನ್ನು ಸರಿಪಡಿಸಲು ಕೊಡುವ ಪತ್ರಕ್ಕೂ, ಕೊಲ್ಲಬೇಕಾದವರನ್ನು ಆರಿಸಲು ಬಳಕೆಯಾದ ಚೀಟಿಗೂ ಇರುವ ಅಂತರವನ್ನು ವಿವರಿಸಲು ಇಡೀ ಒಂದು ಅವಧಿ ಹಿಡಿಯಿತು. 1779ರಲ್ಲಿ ಹೈದರಾಲಿ ನಮ್ಮ ಕೋಟೆಯನ್ನು ಗೆದ್ದದ್ದು ನರಮೇಧವೇ ಎಂಬ ಪ್ರಶ್ನೆ ಇನ್ನೂ ಉಪಯುಕ್ತವಾಗಿತ್ತು. ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಗುಂಪೊಂದನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಇಲ್ಲವಾಗಿಸುವ ಉದ್ದೇಶವೇ 1948ರ ವಿಶ್ವಸಂಸ್ಥೆಯ ಒಡಂಬಡಿಕೆಯ ತಿರುಳು ಎಂಬುದು, ಯುದ್ಧದೊಡನೆ ಹೋಲಿಸಿದಾಗಲೇ ಅವರಿಗೆ ಹಿಡಿತಕ್ಕೆ ಸಿಕ್ಕಿತು.

ಶಾಲು, ಹಾರ, ವೇದಿಕೆ ಬೇಡವೆಂದು ಪ್ರಾಚಾರ್ಯರನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಜಮಖಾನದ ಮೇಲೆ ಎಲ್ಲರೂ ಸುತ್ತಲೂ ಕುಳಿತೆವು. ಪೋಷಕರೂ ಊರಿನ ಕೆಲವು ಹಿರಿಯರೂ ಬಂದಿದ್ದರು. ಬೇಡವೆನಿಸಿದಾಗ ಮಾತು ನಿಲ್ಲಿಸುವ ಹಕ್ಕು ಅತಿಥಿಯದು ಎಂದು ಮೊದಲೇ ಎಲ್ಲರಿಗೂ ಹೇಳಿದ್ದೆ.

ಅವರು ಇಂಗ್ಲಿಷಿನಲ್ಲಿ ಮಾತನಾಡಿದರು, ನಾನು ಕನ್ನಡಕ್ಕೆ ತಂದೆ. ತಂದೆಯನ್ನು ಕೊಂಡೊಯ್ದ ಬೆಳಗನ್ನು ಹೇಳುವಾಗ ಅವರು ಎರಡು ಬಾರಿ ಮೌನವಾದರು. ಮೊದಲ ಮೌನವನ್ನು ನಾನು ವಿವರಣೆಯಿಂದ ತುಂಬಿಬಿಟ್ಟೆ, ಅದು ಮೇಷ್ಟರ ಚಾಳಿ. ಎರಡನೆಯ ಮೌನದ ನಂತರ ಅವರು ಹೇಳಿದ್ದನ್ನು "ಆಗ ಹುಟುಗಳು ಬಂದರು" ಎಂದು ಕನ್ನಡಿಸಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, "ಸರ್, ಅವರು ಪಕ್ಕದ ಮನೆಯವರು ಬಂದರು ಅಂದರು, ಹುಟು ಅನ್ನಲೇ ಇಲ್ಲ" ಎಂದಳು. ನನಗೆ ಮುಖವೆತ್ತಲಾಗಲಿಲ್ಲ. ಗುಂಪಿನ ಹೆಸರಿನಿಂದ ಮನುಷ್ಯನನ್ನು ಮುಚ್ಚಬಾರದೆಂದು ನಾಲ್ಕು ತರಗತಿಗಳಲ್ಲಿ ಹೇಳಿದವನೇ ಅದನ್ನು ಮಾಡಿದ್ದೆ. ವಿಷಯ ತಿಳಿದ ಅತಿಥಿ, ತನ್ನನ್ನು ಅಟ್ಟದ ಮೇಲೆ ಬಚ್ಚಿಟ್ಟು ಉಳಿಸಿದ ಮುದುಕಿಯೂ ಹುಟುವೇ ಎಂದರು.

ಹಿರಿಯ ರೈತರೊಬ್ಬರು, "ಆ ಪಕ್ಕದ ಮನೆಯವರು ಈಗ ಎಲ್ಲಿದಾರೆ?" ಎಂದು ಕೇಳಿದರು. ಊರಿನವರೇ ಆರಿಸಿದ ನ್ಯಾಯಾಧೀಶರು ಬಯಲಿನಲ್ಲಿ ಕುಳಿತು ವಿಚಾರಣೆ ನಡೆಸಿದ, 2012ರವರೆಗೆ ಇದ್ದ ಗಚಾಚಾ ನ್ಯಾಯಾಲಯದಲ್ಲಿ ಆ ಪಕ್ಕದ ಮನೆಯವನಿಗೆ ಶಿಕ್ಷೆಯಾಗಿ, ಅದು ಮುಗಿದ ಮೇಲೆ ಅದೇ ಮನೆಗೆ ಮರಳಿದನಂತೆ. ತನ್ನ ಚಿಕ್ಕಮ್ಮ ಅವನನ್ನು ಮಾತನಾಡಿಸುತ್ತಾರೆ, ತನಗೆ ಇನ್ನೂ ಆಗಿಲ್ಲ ಎಂದರು ಅತಿಥಿ. ಅರಳಿಕಟ್ಟೆಯ ನ್ಯಾಯ ಬಲ್ಲ ಆ ಹಿರಿಯರು ತಲೆಯಾಡಿಸಿದರೇ ಹೊರತು ಏನೂ ಹೇಳಲಿಲ್ಲ.

ಮರುವರ್ಷ ಅದೇ ಅತಿಥಿ ಮತ್ತೆ ಬಂದಾಗ ನಾನು ಗೋಡೆಗೊರಗಿ ಹಿಂದೆ ಕುಳಿತೆ. ಆ ಹುಡುಗಿಯನ್ನೇ ಅವರ ಪಕ್ಕದಲ್ಲಿ ಅನುವಾದಕ್ಕೆ ಕೂರಿಸಿದ್ದೆ.