ಜರ್ಮನ್‌ಗೆ ನಾಲಿಗೆ ಹೊರಳಬೇಕೆಂದರೆ

ಜರ್ಮನಿಗೆ ಬಂದಿಳಿದ ಮೊದಲ ವಾರವೇ ಬೋರ್ಡುಗಳನ್ನು ಇಂಗ್ಲಿಷಿನಂತೆ ಓದುವುದು ಬಿಟ್ಟುಬಿಡಿ. ಇಲ್ಲಿನ ವ್ಯಂಜನಗಳಲ್ಲಿ ಬಹುಪಾಲು ನಮ್ಮ ಬಾಯಿಗೆ ಗೊತ್ತಿರುವವೇ. ಅಡ್ಡ ಬರುವುದು ಇಂಗ್ಲಿಷ್ ಓದಿನ ರೂಢಿ.

ಝೆಡ್ ಕಂಡರೆ 'ಜ' ಅನ್ನಬೇಡಿ. ಉತ್ಸವ, ವತ್ಸ ಎನ್ನುವಾಗ ಬರುವ 'ತ್ಸ' ಅದು. ರೈಲು 'ತ್ಸೂಕ್', ಸಮಯ 'ತ್ಸೈಟ್'. ವಿ ಅಕ್ಷರ ಬಹುತೇಕ 'ಫ': ಅಪ್ಪ 'ಫಾಟರ್'. ಡಬ್ಲ್ಯೂ ಎಂದರೆ 'ವ', ಆದರೆ ನಮ್ಮ ವಕಾರ ಇವರ ಕಿವಿಗೆ ತೀರಾ ಮೆದು. ಮೇಲಿನ ಹಲ್ಲನ್ನು ಕೆಳತುಟಿಗೆ ಒತ್ತಿ 'ವಾಸರ್' ಅನ್ನಿ, ನೀರು ಸಿಗುತ್ತದೆ. ಬೋರ್ಡಿನಲ್ಲಿ ಸ್ಟುಟ್‌ಗಾರ್ಟ್ ಎಂದಿದ್ದರೂ ಬಾಯಲ್ಲಿ ಶ್ಟುಟ್‌ಗಾರ್ಟ್.

ನಿಜವಾಗಿ ಕಾಡುವುದು ಸಿ, ಎಚ್ ಜೋಡಿ. ಅ, ಒ, ಉ ಆದ ಮೇಲೆ ಬಂದರೆ ಅದು ಗಂಟಲಿನದು. 'ದುಃಖ' ಅನ್ನುವಾಗ ಖಕಾರಕ್ಕೆ ಮುಂಚೆ ವಿಸರ್ಗ ಉಜ್ಜಿಕೊಂಡು ಬರುತ್ತದಲ್ಲ, ಅಲ್ಲೇ ನಿಲ್ಲಿಸಿ. ವ್ಯಾಕರಣ ಓದಿದವರಿಗೆ ಜಿಹ್ವಾಮೂಲೀಯ ಎಂದರೆ ಸಾಕು. ಇ, ಎ ಅಥವಾ ವ್ಯಂಜನದ ಮೇಲೆ ಬಂದರೆ ಬೇರೆಯೇ ದನಿ. 'ಈ' ಅನ್ನಿ, ನಾಲಿಗೆ ಕದಲಿಸದೆ ಬರೀ ಉಸಿರು ಬಿಡಿ. ಇದನ್ನು 'ಶ' ಮಾಡಿದರೆ ಅರ್ಥವೇ ಕೆಡುತ್ತದೆ: ಚರ್ಚಿಗೂ ಚೆರ್ರಿ ಹಣ್ಣಿಗೂ ಇವರ ಮಾತಿನಲ್ಲಿ ಇರುವ ವ್ಯತ್ಯಾಸ ಅಷ್ಟೇ.

ನನಗೆ ತಿದ್ದಿದವರು ಪಕ್ಕದ ಮನೆಯ ಅಜ್ಜಿ. ಅಡುಗೆಮನೆಯ ಮೇಜಿನ ಆಚೆ ಕೂತು, ತೆಳು ಕಾಗದದ ಕರವಸ್ತ್ರವೊಂದನ್ನು ನನ್ನ ತುಟಿಯ ಮುಂದೆ ಹಿಡಿದು 'ಟೇ' ಅನ್ನಿಸುತ್ತಿದ್ದರು. 'ಟೇ' ಎಂದರೆ ಚಹಾ. ಕಾಗದ ಅಲ್ಲಾಡಲಿಲ್ಲ ಅಂದರೆ ಮತ್ತೊಮ್ಮೆ. ಪದದ ಮೊದಲಿಗೆ ಬರುವ ಪ, ಟ, ಕಗಳಿಗೆ ನಮ್ಮ ಮಹಾಪ್ರಾಣದ ಉಸಿರು ಬೇಕು. ಶಾಲೆಯಲ್ಲಿ ಒತ್ತಿ ಒತ್ತಿ ಕಲಿಸಿದ ಮೇಲೂ ನಾವು ಮಾತಿನಲ್ಲಿ ನುಂಗಿಬಿಡುವ ಆ ಉಸಿರು ಇಲ್ಲಿ ಕೆಲಸಕ್ಕೆ ಬರುತ್ತದೆ. ಇನ್ನು, ಇವರ ಟಕಾರ ನಮ್ಮ ಟ ಅಲ್ಲ, ತ ಕೂಡ ಅಲ್ಲ. ನಾಲಿಗೆಯ ತುದಿ ಮಡಿಚದೆ, ಹಲ್ಲಿನ ಹಿಂದಿನ ವಸಡಿಗೆ ತಾಗಲಿ.

ಬಿಡಲು ಕಷ್ಟವಾಗುವುದು ನಮ್ಮ ಕೊನೆಯ ಉಕಾರ. ಬಸ್ಸು, ಕಾರು, ಬ್ಯಾಂಕು ಎಂದು ಬೆಳೆದವರು ನಾವು. ಇಲ್ಲಿ ಪದವನ್ನು ಕತ್ತರಿಸಿದಂತೆ ನಿಲ್ಲಿಸಬೇಕು, ಆಗ ಕೊನೆಯ ಗ, ಡ, ಬಗಳು ಕ, ಟ, ಪ ಆಗುತ್ತವೆ. ದಿನ 'ಟಾಕ್', ನಾಯಿ 'ಹುಂಟ್'. ಬಹುವಚನದಲ್ಲಿ ಸ್ವರ ಸೇರಿದೊಡನೆ 'ಟಾಗೆ', 'ಹುಂಡೆ' ಎಂದು ಮೂಲ ಅಕ್ಷರ ಮರಳುತ್ತದೆ.

ರಕಾರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬವೇರಿಯಾದಲ್ಲಿ ನಮ್ಮಂತೆಯೇ ನಾಲಿಗೆಯ ತುದಿಯಿಂದ ಉಲಿಯುವವರು ಬೇಕಾದಷ್ಟಿದ್ದಾರೆ.

ಫೋನಿನಲ್ಲಿ ನಂಬರು ಕೊಡುವಾಗ ಎರಡಕ್ಕೆ 'ತ್ಸ್ವೋ' ಅನ್ನಿ. 'ತ್ಸ್ವೈ' ಎಂದರೆ ಮೂರರ 'ಡ್ರೈ' ಜೊತೆ ಗೊಂದಲವಾಗುತ್ತದೆಂದು ಇಲ್ಲಿಯವರೂ ಹಾಗೇ ಹೇಳುತ್ತಾರೆ.